ಸುಟ್ಟ ಮೇಲೆ ಅದು ತಂಬಾಕಲ್ಲ

ಹೋದ ತಿಂಗಳು ಚಿಗವ್ವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲೆಂದು ಊರಿಗೆ ಹೋಗಿದ್ದೆ. ಕುಂದಗೋಳದಿಂದ ಟಂಟಂ ಆಟೋ ಹಿಡಿದು ನಮ್ಮ ಓಣಿಯ ತುದಿಗೆ ಇಳಿದಾಗ ಯಾರದೋ ಅಡಿಗೆಮನೆಯಿಂದ ಘಾಟು ಬಂತು. ಹಂಚಿನ ಮೇಲೆ ತಂಬಾಕು ಹುರಿಯುವ ಘಾಟು. ನನ್ನ ಜೊತೆ ಇಳಿದವರಿಬ್ಬರು ಮೂಗು ಮುಚ್ಚಿಕೊಂಡು ಕೆಮ್ಮುತ್ತ ನಡೆದರು. ನನಗೆ ಮಾತ್ರ ಬಾಯಲ್ಲಿ ನೀರೂರಿತು. ಮೂವತ್ತು ವರ್ಷ ಮಕ್ಕಳಿಗೆ ದುಶ್ಚಟದ ಪಾಠ ಹೇಳಿದ ಶಾಲೆಯ ಅಕ್ಕೋರಿಗೆ ಹೀಗಾಗಬಾರದಿತ್ತು. ಆದರೆ ನಾಲಿಗೆ ಪಾಠ ಕೇಳುವ ಪೈಕಿ ಅಲ್ಲ, ನಿಮಗೂ ಗೊತ್ತಿರಬೇಕು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ನಮ್ಮ ಮನೆಯಲ್ಲೇ ಬೆಳೆದಳು, ಅದೇ ಊರಿಗೆ ಮದುವೆಯಾದಳು. ಈಗ ಅವಳ ಬಲಗೆನ್ನೆಯ ಒಳಗೆ ಬೆಳ್ಳಗೊಂದು ಕಲೆ. ಖಾರ ತಾಗಿದರೆ ಉರಿ. ಬಾಯಿ ಪೂರ್ತಿ ತೆರೆಯಲು ಬಾರದೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಾಳೆ. ಫೋನಿನಲ್ಲಿ ಅವಳ ಸೊಸೆ ಇದನ್ನು ಹೇಳಿದ ದಿನದಿಂದ ನನಗೆ ಹೆದರಿಕೆಯಾಗಿತ್ತು. ಹೆದರಿಕೆ ಅವಳ ಬಾಯಿಯದಷ್ಟೇ ಆಗಿರಲಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಹಲ್ಲಿಗೆ ಮಿಶ್ರಿ ಹಚ್ಚುತ್ತಿದ್ದರು. ರೊಟ್ಟಿ ಮುಗಿದ ಮೇಲೆ ಇನ್ನೂ ಕಾದೇ ಇರುವ ಹಂಚಿನ ಮೇಲೆ ತಂಬಾಕಿನ ಎಲೆ ಹಾಕಿ ಕರ್ರಗಾಗುವವರೆಗೆ ಹುರಿಯುವುದು, ಅರೆದು ಹಳೆಯ ಸೀರೆಯ ಅರಿವೆಯಲ್ಲಿ ಸೋಸಿ ಡಬ್ಬಿಗೆ ತುಂಬುವುದು. ಹುರಿಯುವಾಗ ಮಕ್ಕಳು ಸೀನುತ್ತಿದ್ದವು, ಬೆಕ್ಕು ಮನೆ ಬಿಟ್ಟು ಹೋಗುತ್ತಿತ್ತು. ಮುಂಜಾನೆ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಬೆರಳಿನಿಂದ ತಿಕ್ಕುತ್ತ ಅವರು ಊರಿನ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ಮಧ್ಯಾಹ್ನ ಇನ್ನೊಮ್ಮೆ, ಸಂಜೆ ಮತ್ತೊಮ್ಮೆ. ಹಲ್ಲು ಅಷ್ಟೇಕೆ ಹೊಲಸಾಗುತ್ತವೆ ಎಂದು ಯಾರೂ ಕೇಳಲಿಲ್ಲ.

ನನಗೆ ಹನ್ನೆರಡು ವರ್ಷವಿದ್ದಾಗ ದವಡೆ ಹಲ್ಲು ನೋಯಿತು. ಚಿಗವ್ವ ತನ್ನ ಬೆರಳಿನಿಂದಲೇ ಮಿಶ್ರಿ ಹಚ್ಚಿದಳು. ಅವಳಿಗಾದರೂ ಆಗ ಹದಿನಾರು. ಮೊದಲ ದಿನ ತಲೆ ತಿರುಗಿ ವಾಂತಿಯಾಯಿತು. ಮೂರನೆಯ ದಿನಕ್ಕೆ ನೋವು ಹೋಯಿತು. ಎಂಟನೆಯ ದಿನ ನಾನೇ ಡಬ್ಬಿ ಹುಡುಕಿಕೊಂಡು ಹೋದೆ.

ಚಟ ಎಂಬುದು ನಮ್ಮೂರಲ್ಲಿ ಗಂಡುಮಕ್ಕಳ ಸೊತ್ತಾಗಿತ್ತು. ಹೈಸ್ಕೂಲಿನ ಹುಡುಗರು ಗೋಡೆಯ ಹಿಂದೆ ಬೀಡಿ ಸೇದಿ ಹೆಡ್ಮಾಸ್ತರರ ಕೈಯಲ್ಲಿ ಸಿಕ್ಕಿಬೀಳುತ್ತಿದ್ದರು. ಹತ್ತನೆಯ ಇಯತ್ತೆಯವನೊಬ್ಬ ಸಾರಾಯಿ ಪಾಕೀಟು ಕುಡಿದು ಕ್ಲಾಸಿನಲ್ಲೇ ಮಲಗಿದ್ದು ವರ್ಷಗಟ್ಟಲೆ ಮಾತಿಗೆ ವಸ್ತುವಾಗಿತ್ತು. ಹುಡುಗಿಯರಾದ ನಾವು ಮೂಗು ಮುರಿಯುತ್ತಿದ್ದೆವು, ಕಪ್ಪಗಿನ ವಸಡು ಕಾಣದಂತೆ ತುಟಿ ಮುಚ್ಚಿಕೊಂಡು.

ಒಂಬತ್ತನೆಯ ಇಯತ್ತೆಯಲ್ಲಿ ‘ತಂಬಾಕಿನ ದುಷ್ಪರಿಣಾಮಗಳು’ ಎಂದು ಪ್ರಬಂಧ ಸ್ಪರ್ಧೆ ಇಟ್ಟರು. ಬುದ್ಧಿ ಚುರುಕಾಗಲೆಂದು ನಾನು ಅವತ್ತು ಎರಡು ಸಲ ಮಿಶ್ರಿ ಹಚ್ಚಿಕೊಂಡು ಹೋದೆ. ಬೀಡಿ ಸೇದುವವರನ್ನು, ಸುಣ್ಣ ಬೆರೆಸಿ ತಿನ್ನುವವರನ್ನು ನಾಲ್ಕು ಪುಟ ತುಂಬ ಬೈದೆ. ‘ದೇಶದ ಯುವಶಕ್ತಿ’ ಎಂದು ಮೂರು ಕಡೆ ಬರೆದೆ. ಮೊದಲ ಬಹುಮಾನ ನನಗೇ ಬಂತು: ಗಟ್ಟಿ ಮುಚ್ಚಳದ, ಅಂಗೈಯಗಲದ ಸ್ಟೀಲಿನ ಡಬ್ಬಿ.

ಬಹುಮಾನ ಕೊಡಲು ಒಬ್ಬ ಡಾಕ್ಟರು ಬಂದಿದ್ದರು. ಹಿಗ್ಗಿನಲ್ಲಿ ನಾನು ತುಟಿ ಮುಚ್ಚಿಕೊಳ್ಳುವುದನ್ನು ಮರೆತೆ. ಅವರು ಡಬ್ಬಿ ಕೊಡುತ್ತ ಮೆಲ್ಲಗೆ ಕೇಳಿದರು, “ಹಲ್ಲಿಗೆ ಏನ ಹಚ್ಚತೀಯವಾ?”

“ಮಿಶ್ರಿರಿ.”

“ಅದು ತಂಬಾಕಲ್ಲೇನು?”

“ಸುಟ್ಟಮ್ಯಾಲ ತಂಬಾಕ ಅಲ್ಲರಿ.” ಇದು ನನ್ನ ಜಾಣತನದ ಉತ್ತರವಲ್ಲ, ನಮ್ಮ ಇಡೀ ಓಣಿಯ ನಂಬಿಕೆ.

ಅವರು ನಗಲಿಲ್ಲ. “ಸುಟ್ಟರೂ ಅದು ತಂಬಾಕನ. ಇವತ್ತಿಂದ ಬಿಡು. ಮನ್ಯಾಗ ಮತ್ತ ಯಾರರ ಹಚ್ಚತಿದ್ದರ ಅವರಿಗೂ ಹೇಳು.”

ನಾನು ತಲೆಯಾಡಿಸಿದೆ. ಮನೆಗೆ ಬರುವಷ್ಟರಲ್ಲಿ ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿ ಕಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. “ಅಗದಿ ಚೊಲೋ ಐತಿ ಬೇ. ಮುಚ್ಚಳಾ ಎಷ್ಟ ಗಟ್ಟಿ ಕೂಡತೈತಿ ನೋಡು, ಮಿಶ್ರಿ ಒಂಚೂರು ಚೆಲ್ಲೂದಿಲ್ಲ.” ಸಂಜೆಗೆ ಅದರ ತುಂಬ ಮಿಶ್ರಿ ತುಂಬಿಟ್ಟಳು.

ಆಗಲೇ ಹೇಳಬೇಕಿತ್ತು. ಹೇಳಿದರೆ ನನ್ನ ಬಹುಮಾನ ಸುಳ್ಳಾಗುತ್ತಿತ್ತು, ಮಿಶ್ರಿ ಹಚ್ಚಿಕೊಂಡು ತಂಬಾಕು ಬೈದವಳೆಂದು ಓಣಿಗೆ ಓಣಿಯೇ ನಗುತ್ತಿತ್ತು. ಹದಿನೈದರ ವಯಸ್ಸಿನಲ್ಲಿ ನಗೆಪಾಟಲಾಗುವುದಕ್ಕಿಂತ ದೊಡ್ಡ ರೋಗವಿದೆಯೆಂದು ನನಗೆ ಅನ್ನಿಸಿರಲಿಲ್ಲ. ಸುಮ್ಮನಾದೆ. ನನ್ನ ಮಟ್ಟಿಗೆ ಮಾತ್ರ ಬಿಟ್ಟೆ.

ಬಿಡುವುದು ಸುಲಭವಾಗಲಿಲ್ಲ. ತಲೆ ಸಿಡಿಯಿತು, ಹೊಟ್ಟೆ ಕಟ್ಟಿತು, ಪೆನ್ನು ಮುಟ್ಟಿದನೆಂದು ತಮ್ಮನ ಕಪಾಳಕ್ಕೆ ಬಾರಿಸಿದೆ. ಐದನೆಯ ದಿನ ಚಿಗವ್ವ ಅದೇ ಹೊಸ ಡಬ್ಬಿ ಹಿಡಿದುಕೊಂಡು ಬಂದಳು.

“ಒಂದ ಬೆರಳ ಹಚ್ಕೊ ಬೇ. ಯಾಕ ಹಿಂಗ ಒದ್ದ್ಯಾಡಾಕತ್ತಿ?”

“ಹಲ್ಲು ಆರಾಮ ಆಗ್ಯಾವ ಚಿಗವ್ವ. ಇನ್ನ ಬ್ಯಾಡ.”

ಅವಳು ನಂಬಿದಳು. ನಾನು ಏನು ಹೇಳಿದರೂ ಅವಳು ನಂಬುತ್ತಿದ್ದಳು, ಓದಿದ ಹುಡುಗಿ ಎಂದು.

ಆಮೇಲೆ ಶಿಕ್ಷಕಿಯ ತರಬೇತಿಗೆಂದು ಧಾರವಾಡಕ್ಕೆ ಹೋದೆ. ಸೂಟಿಗೆ ಊರಿಗೆ ಬರುವಾಗ ಏನು ತರಲಿ ಎಂದು ಪತ್ರ ಬರೆದರೆ ಅವಳದು ಒಂದೇ ಬೇಡಿಕೆ, ಪೇಟೆಯ ಒಳ್ಳೆಯ ತಂಬಾಕಿನ ಎಲೆ. ತಂದುಕೊಡುತ್ತಿದ್ದೆ. ಹೌದು, ನಾನೇ. ಮುಂದೆ ನೌಕರಿ ಸಿಕ್ಕಿತು. ಆ ಹೊತ್ತಿಗೆ ಬೀಡಿಯ ಕಾಲ ಹಿಂದೆ ಸರಿದು, ಅಂಗಡಿಗಳ ಮುಂದೆ ಗುಟ್ಕಾ ಪಾಕೀಟುಗಳು ಮಾಲೆಯ ಹಾಗೆ ತೂಗಾಡತೊಡಗಿದ್ದವು, ನಮ್ಮ ಶಾಲೆಯ ಮೂಲೆಗಳು ಕೆಂಪಾಗಿದ್ದವು. ಹುಡುಗರ ಕಿಸೆ ತಡವಿದೆ, ತಂದೆ ತಾಯಿಯರನ್ನು ಕರೆಸಿ ಬೈದೆ, ಘೋಷಣೆ ಕೂಗಿಸುತ್ತ ಮೆರವಣಿಗೆ ಮಾಡಿಸಿದೆ. ಮೆರವಣಿಗೆ ಒಮ್ಮೆಯೂ ಚಿಗವ್ವನ ಅಂಗಳಕ್ಕೆ ಬರಲಿಲ್ಲ. ಮೊದಮೊದಲು ನಾಚಿಕೆ ಅಡ್ಡ ಬಂತು. ಆಮೇಲೆ ಬೇರೆಯೇ ಕಾರಣ: ಈಗ ಹೇಳಿದರೆ ನಿನಗೆ ಯಾವಾಗ ಗೊತ್ತಾಯಿತು ಎಂದು ಅವಳು ಕೇಳುತ್ತಾಳೆ.

ಹುಬ್ಬಳ್ಳಿಯ ಡಾಕ್ಟರು ತೀರ ಎಳೆಯ ಹುಡುಗಿ, ದಕ್ಷಿಣದ ಕಡೆಯವಳು. ಬ್ಯಾಟರಿ ಹಿಡಿದು ಚಿಗವ್ವನ ಕೆನ್ನೆಯ ಒಳಗೆ ಬಹಳ ಹೊತ್ತು ನೋಡಿದಳು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಳು. ಆಮೇಲೆ ಕಾಗದ ಎಳೆದುಕೊಂಡು ಕೇಳಿದಳು, “ಅಮ್ಮ, ತಂಬಾಕು ಏನಾದರೂ ಅಭ್ಯಾಸ ಇದೆಯಾ?”

“ಛಿ, ಇಲ್ಲರಿ,” ಎಂದಳು ಚಿಗವ್ವ. “ತಂಬಾಕ ನಾ ಬಾಯಾಗ ಹಾಕಿದಾಕಿನ ಅಲ್ಲ. ಬರೇ ಮಿಶ್ರಿ ಹಚ್ಚತೇನಿ.”

“ಹಾಗಂದರೆ ಹಲ್ಲುಪುಡಿನಾ?”

“ಹೌದ್ರಿ, ಹಲ್ಲಪುಡಿ.”

ಡಾಕ್ಟರು ‘ಇಲ್ಲ’ ಎಂದು ಬರೆಯಲು ಬಾಗಿದಳು. ನಾನು ಆ ಪೆನ್ನನ್ನೇ ನೋಡುತ್ತಿದ್ದೆ. ಈ ಸಲವೂ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಅದು ತಂಬಾಕನರಿ,” ಎಂದೆ. “ಹಂಚಿನ ಮ್ಯಾಲ ಸುಟ್ಟು ಪುಡಿ ಮಾಡತಾರ. ಸಣ್ಣಾಕಿದ್ದಾಗಿಂದ ಹಚ್ಚತಾಳ.”

ಚಿಗವ್ವ ನನ್ನ ಕಡೆ ತಿರುಗಿದಳು. “ನಿನಗ ಯಾರ ಹೇಳಿದರು?”

“ಶಾಲ್ಯಾಗ ನನಗ ಪ್ರೈಜ್ ಕೊಟ್ಟರಲ್ಲ, ಆ ಡಾಕ್ಟರ್. ಅವತ್ತ ಹೇಳಿದರು.”

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ನನ್ನನ್ನು ಬಿಟ್ಟು ಆ ಹುಡುಗಿಗೆ ಹೇಳಿದಳು:

“ಆಗ ನನಗ ಹತ್ತೊಂಬತ್ತ ವರ್ಸರಿ.”