ಗೋಡೆಯಾಚೆಯಿಂದ ಬರುತ್ತಿದ್ದ ಹಲಗೆ

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಲೈನ್‌ಮನ್‌ಗೆ ಮರಗೆಲಸದ ಹುಚ್ಚು. ಸ್ಕೂಟರ್ ನಿಲ್ಲಿಸುವ ಶೆಡ್ಡೇ ಅವರ ಕಾರ್ಖಾನೆ. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೊಂದು ಪುಟ್ಟ ಬ್ಯಾಂಡ್‌ಸಾ ತಂದರು. ಎರಡು ಚಕ್ರಗಳ ಮೇಲೆ ಗರಗಸದ ಪಟ್ಟಿ ಸುತ್ತುವ ಮಿಷನ್ನು. ಅದನ್ನಿಟ್ಟ ಮೇಲೆ ಉದ್ದದ ಹಲಗೆ ಕೊಯ್ಯಲು ಜಾಗವೇ ಉಳಿಯಲಿಲ್ಲ. ಅಮ್ಮನನ್ನು ಕೇಳಿಕೊಂಡು, ನಮ್ಮ ಹಿತ್ತಲಿನ ಕಡೆಯ ಗೋಡೆಯಲ್ಲಿ ಎರಡು ಇಟ್ಟಿಗೆ ತೆಗೆದರು. ಕೊಯ್ದ ಹಲಗೆ ಆ ಕಿಂಡಿಯಿಂದ ಹೊರಬಂದು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೂತಿ ತೋರುತ್ತಿತ್ತು.

ಪ್ರತಿ ಹಲಗೆಗೂ ಮೊದಲು ಕಿಂಡಿಗೆ ಬಾಯಿಟ್ಟು, “ಅಕ್ಕಾ, ಮರ ಬರ್ತಾ ಐತೆ!” ಎಂದು ಕೂಗುವರು. ಅಮ್ಮ “ಬರ್ಲಿ ಬುಡಪ್ಪ” ಅನ್ನುವವರೆಗೆ ಸ್ವಿಚ್ ಮುಟ್ಟುತ್ತಿರಲಿಲ್ಲ. ಕೇಳಿ ಕೇಳಿ ನನಗೆ ರೇಗುತ್ತಿತ್ತು.

ಒಂದು ಬೆಳಿಗ್ಗೆ ಮೂರು ಸಲ ಕೂಗಿದರೂ ಉತ್ತರ ಬರಲಿಲ್ಲವಂತೆ. ಹಲಗೆ ಕೆಳಗಿಟ್ಟು, ಸುತ್ತಿಕೊಂಡು ಬಂದು ನೋಡಿದರೆ, ಅಮ್ಮ ಕಲ್ಲಿನ ಪಕ್ಕದಲ್ಲಿ ಜಾರಿ ಬಿದ್ದು ಎಚ್ಚರ ತಪ್ಪಿದ್ದಳು. ಅವರೇ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಮ್ಮ ಎರಡು ತಿಂಗಳು ನಡುಮನೆಯಲ್ಲಿ ಮಲಗಿದ್ದಳು. ಹಿತ್ತಲಲ್ಲಿ ಯಾರೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಕೂಗುವರು. ಒಳಗಿನಿಂದ “ಬರ್ಲಿ ಬುಡಪ್ಪ” ಕೇಳಿಸಿದ ಮೇಲೇ ಮಿಷನ್ನಿನ ಸದ್ದು ಏಳುತ್ತಿತ್ತು.