ಓರೆಯಾಗಿ ಕೂತ ಸ್ಟಿಯರಿಂಗ್

ಆ ಸ್ಟಿಯರಿಂಗ್ ಬಿಚ್ಚಿದವನು ನಾನು. ಒಂದು ಹಲ್ಲು ತಪ್ಪಿಸಿ ಅದನ್ನು ಮತ್ತೆ ಕೂರಿಸಿದವನೂ ನಾನೇ. ಅಪ್ಪ ಕೇಳಿದಾಗ "ಇಲ್ಲ" ಅಂದೆ. ಆ ಒಂದು ಮಾತಿಗೆ ಮುನಿರಾಜು ಹನ್ನೆರಡು ವರ್ಷ ಸುಳ್ಳನಾಗಿ ಉಳಿದ.

ಇಷ್ಟು ಖಚಿತ. ಉಳಿದದ್ದರಲ್ಲಿ ಯಾವುದು ನೆನಪು, ಯಾವುದು ಆಮೇಲೆ ನಾನೇ ಕಟ್ಟಿಕೊಂಡದ್ದು — ಬಿಡಿಸಿ ಹೇಳಲಾರೆ. ಆ ದಿನ ಮೋಡ ಕವಿದಿತ್ತೆಂದು ನನ್ನ ನೆನಪು. ಆ ವರ್ಷದ ದಿನಚರಿಯಲ್ಲಿ "ಸುಡುಬಿಸಿಲು" ಎಂದು ನನ್ನದೇ ಅಕ್ಷರದಲ್ಲಿದೆ.

ಎಪ್ಪತ್ತರ ದಶಕದ ನಡುಭಾಗ. ಗದಗಿನಿಂದ ಬಂದು ಆರ್.ಟಿ. ನಗರದಲ್ಲಿ ನೆಲೆಸಿದ ಮನೆ ನಮ್ಮದು. ಅಪ್ಪ ಯಶವಂತಪುರದ ಒಂದು ಕಾರ್ಖಾನೆಯ ಆಡಳಿತ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ನಾನು ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಕುಟುಂಬವೊಂದರಿಂದ ಅಪ್ಪ ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಕೊಂಡಿದ್ದರು — ಇಬ್ಬರೇ ಕೂರುವಂಥದ್ದು, ನನಗಿಂತ ಹಳೆಯದು. ಅದನ್ನು ಮುಟ್ಟುವ ಹಕ್ಕು ಇದ್ದದ್ದು ಕೊಡಿಗೇಹಳ್ಳಿಯ ಮೆಕ್ಯಾನಿಕ್ ಮುನಿರಾಜುಗೆ ಮಾತ್ರ. ಅವನು ಅಲ್ಲಿನ ಬೇಸಾಯದ ಮನೆಯವನು, ನನ್ನದೇ ವಯಸ್ಸು. ಹೊಲ ಬಿಟ್ಟು ಮನೆಯ ಪಕ್ಕದ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಕಾರ್ಖಾನೆಯ ವಾಹನ ವಿಭಾಗದಲ್ಲಿ ಕಾಯಂ ಕೆಲಸಕ್ಕೆ ಅವನ ಹೆಸರು ಹೇಳುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು.

"ಅಂವನ ಕೈ ನೋಡು," ಅನ್ನುತ್ತಿದ್ದರು ನನಗೆ. "ನಿನ್ನ ಕೈ ಪುಸ್ತಕದ ಹಾಳಿ ಹೊಳ್ಳಿಸಾಕಷ್ಟ ಲಾಯಕ್ಕು."

ಹೊಟ್ಟೆಕಿಚ್ಚಿತ್ತೇ? ಇತ್ತು. ಆದರೆ ಅದು ಯಾವ ಕ್ಷಣದಲ್ಲಿ ಎಷ್ಟಿತ್ತು ಎಂಬುದು...

ಮುನಿರಾಜು ನನ್ನನ್ನು ದೂರ ಇಡಲಿಲ್ಲ. ಒಮ್ಮೆ ಸ್ಟಿಯರಿಂಗ್ ಬಿಚ್ಚುವುದನ್ನು ಕಲಿಸಿದ. ನಡುವಿನ ಹಾರ್ನ್ ಮುಚ್ಚಳ ಎಬ್ಬಿಸಿದರೆ ಒಳಗೆ ಚಕ್ರ ಕಚ್ಚಿ ಕೂರುವ ಹಲ್ಲುಹಲ್ಲಿನ ಕಂಬಿ, ಅದರ ತುದಿಗೊಂದು ದಪ್ಪ ನಟ್ಟು. ಅದನ್ನು ಸಡಿಲಿಸಿ, ಸೀಟಿನಲ್ಲಿ ಕೂತು, ಎರಡು ಮೊಣಕಾಲನ್ನೂ ಸ್ಟಿಯರಿಂಗ್ ಚಕ್ರದ ಕೆಳಗೆ ಕೊಟ್ಟು ಮೇಲಕ್ಕೆ ಒತ್ತಬೇಕು.

"ನಟ್ ಪೂರ್ತಿ ತೆಗೀಬ್ಯಾಡಿ ಸಾಮಿ, ನಾಕ್ ಸುತ್ತು ಅಂಗೇ ಬಿಡಿ. ಇಲ್ದಿದ್ರೆ ಚಕ್ರ ಸೀದಾ ಬಂದು ಮುಖಕ್ಕೆ ಮುತ್ ಕೊಡ್ತದೆ," ಎಂದು ನಕ್ಕ. "ಇನ್ನೊಂದು. ಬಿಚ್ಚೋಕ್ ಮುಂಚೆ ಮೊಳೇಲಿ ಗೆರೆ ಗೀರ್ಕಳಿ. ಚಕ್ರಕ್ಕೂ ಕಂಬಿಗೂ ಸೇರ್ದಂಗೆ ಒಂದೇ ಗೆರೆ. ಒಂದಲ್ಲು ಆಚೀಚೆ ಆದ್ರೂ ಗಾಡಿ ನೆಟ್ಟಗೆ ಓದ್ರೆ ಸ್ಟೇರಿಂಗ್ ಓರೆ ಕುಂತಿರ್ತದೆ."

ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಚಕ್ರದ ಕಪ್ಪು ಹೊದಿಕೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಆ ವಾರ ಬ್ರೇಕ್ ಕೆಲಸಕ್ಕೆಂದು ಮುನಿರಾಜು ಕಾರನ್ನು ಮೂರು ದಿನ ತನ್ನ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದು ಬುಧವಾರ ತಂದು ನಮ್ಮ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ. ಗುರುವಾರ ಅಪ್ಪ ಕೆಲಸಕ್ಕೆ ಹೋದ ಮೇಲೆ, ಬಿರುಕು ತುಂಬಿ ಅಪ್ಪನಿಗೆ ತೋರಿಸೋಣವೆಂದು ನಾನೊಬ್ಬನೇ ಚಕ್ರ ಬಿಚ್ಚಿದೆ. ಗೆರೆಯನ್ನೇನೋ ಎಳೆದೆ — ಮೊಳೆಯಿಂದಲ್ಲ, ಸೀಮೆಸುಣ್ಣದಿಂದ. ಬಿರುಕುಗಳಿಗೆ ಅಂಟು ತುಂಬಿ, ಉಜ್ಜಿ, ಆಮೇಲೆ ಹಳೆಯ ಗ್ರೀಸ್ ಹೋಗಲೆಂದು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸಿದೆ. ಗೆರೆಯೂ ಹೋಯಿತು. ನಮ್ಮ ಇಕ್ಕಟ್ಟಾದ ಶೆಡ್ಡಿನಲ್ಲಿ ಕಾರಿನ ಮುಂದಿನ ಗಾಲಿಗಳು ತುಸು ತಿರುಗಿ ನಿಂತಿದ್ದವು. ನೇರ ಯಾವುದೆಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: "ಅಂದಾಜಿನ ಮೇಲೆ ಕೂರಿಸಿದೆ."

ಭಾನುವಾರ ಅಪ್ಪ ಹೆಬ್ಬಾಳದವರೆಗೆ ಹೋಗಿ ಬಂದರು. ಬಂದವರು ಇಳಿಯಲಿಲ್ಲ. ಮುನಿರಾಜು ಕೆಲಸದ ವಿಷಯ ವಿಚಾರಿಸಲು ಆಗಲೇ ಬಂದು ಅಂಗಳದಲ್ಲಿ ನಿಂತಿದ್ದ.

"ಗಾಡಿ ಎಲ್ಲಿ ಬಡಿಸಿದಿ?" ಎಂದರು ಅಪ್ಪ.

"ಎಲ್ಲೂ ಬಡ್ಸಿಲ್ಲ ಸಾಮಿ. ಬ್ರೇಕ್ ಕೆಲ್ಸ ಮಾಡ್ದೆ, ತಂದ್ ನಿಲ್ಲಿಸ್ದೆ."

"ನೆಟ್ಟಗ ಹೊಂಟ್ರ ಸ್ಟಿಯರಿಂಗ್ ಓರೆ ನಿಲ್ಲತೈತಿ. ಕೆಳಗ ರಾಡ್ ಬಗ್ಗದ ಹಂಗ ಹೆಂಗ ಆಗತೈತಿ? ಇಲ್ಲಾ, ಸ್ಟಿಯರಿಂಗ್ ಏನರ ಬಿಚ್ಚಿದ್ಯೇನು?"

"ಮುಟ್ಟೇ ಇಲ್ಲ. ತಾಳಿ, ನೋಡ್ತೀನಿ."

ಅವನು ಹಾರ್ನ್ ಮುಚ್ಚಳ ಎಬ್ಬಿಸಿ ಒಳಗೆ ಬಗ್ಗಿ ನೋಡಿದ. ಗ್ರೀಸ್ ಇಲ್ಲದೆ ಹೊಳೆಯುವ ನಟ್ಟು, ಅಳತೆಗೆ ಸರಿಹೋಗದ ಪಾನದಿಂದ, ಅಂದರೆ ಸ್ಪ್ಯಾನರಿನಿಂದ, ನಾನು ಮಾಡಿದ ಗೀರುಗಳು — ಇವು ಅಲ್ಲಿ ಇದ್ದೇ ಇರಬೇಕು. ಅಪ್ಪ ನನ್ನತ್ತ ತಿರುಗಿದರು.

"ನೀ ಏನರ ಮುಟ್ಟಿಯೇನಪಾ?"

"ಇಲ್ಲ."

ಮುನಿರಾಜು ಆಗ ನನ್ನ ಕಡೆ ನೋಡಿದನೇ? ಕೆಲವು ಸಲ ನೋಡಿದಂತೆ ನೆನಪಾಗುತ್ತದೆ. ಕೆಲವು ಸಲ ಅವನ ಬೆನ್ನು ಮಾತ್ರ. ಅವನು ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸಿ, ಕೈ ಒರೆಸಿಕೊಂಡು, "ಬರ್ತೀನಿ ಸಾಮಿ" ಎಂದು ಹೊರಟ. ಅಪ್ಪ ಕಾರ್ಖಾನೆಯಲ್ಲಿ ಅವನ ಹೆಸರು ಹೇಳಲಿಲ್ಲ.

ಹೆದರಿ ಸುಳ್ಳು ಹೇಳಿದೆನೋ, ಅವನ ಮೇಲೆ ಬೀಳಲಿ ಎಂದೇ ಹೇಳಿದೆನೋ — ಇಂದಿಗೂ ತಿಳಿಯದು. ಎರಡೂ ಇರಬಹುದು.

ಬಾಯಿ ಬಿಡಲು ಇನ್ನೊಂದು ಅವಕಾಶ ಸಿಕ್ಕಿತ್ತು. ಆ ಭಾನುವಾರದ ನಂತರ ಕಾರು ಹೆಚ್ಚಾಗಿ ಶೆಡ್ಡಿನಲ್ಲೇ ನಿಂತಿತ್ತು. ಎಂಟು ವರ್ಷದ ಮೇಲೆ ಅದನ್ನು ಮಾರಿದೆವು. ಕೊಳ್ಳುವವರ ಜೊತೆ ಬಂದ ಮೆಕ್ಯಾನಿಕ್ ಐದೇ ನಿಮಿಷದಲ್ಲಿ ಚಕ್ರ ಬಿಚ್ಚಿ ತಿರುಗಿಸಿ ಕೂರಿಸಿದ. "ಒಂದ್ ಹಲ್ಲು ತಪ್ಪಿತ್ತು, ಅಷ್ಟೇ ಸಾರ್. ಗಾಡಿ ಎಲ್ಲೂ ಹೊಡ್ದಿಲ್ಲ."

ಅಪ್ಪ ತಲೆ ಆಡಿಸಿದರು. "ಅಂದ್ರ ಅಂವ ಬಿಚ್ಚಿದ್ದ. ಮುಟ್ಟೇ ಇಲ್ಲ ಅಂತ ಮಾರಿ ಮ್ಯಾಲ ಸುಳ್ಳ ಹೇಳಿದ, ನೋಡು." ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವನು — ಸಾಕ್ಷ್ಯವೆಂದರೇನೆಂದು ಹುಡುಗರಿಗೆ ಪಾಠ ಹೇಳುತ್ತಿದ್ದವನು. ಕಾರಿನ ಕಾಗದಪತ್ರ ತರಲು ಒಳಗೆ ಹೋದೆ.

ಹೋದ ತಿಂಗಳು ಆ ದಿನಚರಿ ಕೈಗೆ ಸಿಕ್ಕಿತು. ಎರಡು ವಾರ ಒದ್ದಾಡಿ, ಬಸ್ಸು ಹಿಡಿದು ಕೊಡಿಗೇಹಳ್ಳಿಗೆ ಹೋದೆ. ಶೆಡ್ಡು ಇರಲಿಲ್ಲ. ಆ ಜಾಗದಲ್ಲಿ ಎರಡಂತಸ್ತಿನ ಕಟ್ಟಡ ಏಳುತ್ತಿತ್ತು, ಮುನಿರಾಜು ಗಾರೆಯವರಿಗೆ ಏನೋ ಹೇಳುತ್ತಿದ್ದ. ಹೊಲದ ಒಂದು ಭಾಗ ಸೈಟುಗಳಾಗಿ ಹೋಗಿದೆಯಂತೆ. ಕೆಲಸ ಸಿಗದಿದ್ದದ್ದೇ ಇವನಿಗೆ ಒಳ್ಳೆಯದಾಯಿತು — ಈ ಯೋಚನೆ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ.

ಹೇಳಬೇಕಾದದ್ದನ್ನು ಹೇಳಿದೆ. ಅವನು ಇಟ್ಟಿಗೆಯ ರಾಶಿಯ ಮೇಲೆ ಕೂತು ಕೇಳಿದ.

"ಮುಚ್ಚಳ ತೆಗ್ದಾಗ್ಲೇ ಗೊತ್ತಾಯ್ತು ಸಾಮಿ."

"ಮತ್ತೆ ಯಾಕ್ ಹೇಳ್ಲಿಲ್ಲ ನೀವು?"

"ನೀವು ಇಲ್ಲ ಅಂದ್ರಲ್ಲ. ನಿಮ್ಮನೆ ಅಂಗಳದಾಗ್ ನಿಂತ್ಕಂಡು, ನಿಮ್ಮಗ ಸುಳ್ ಯೋಳ್ತವ್ನೆ ಅಂತ ನಿಮ್ಮಪ್ಪಂಗೆ ಯೋಳಕಾಯ್ತದಾ? ಯೋಳಿದ್ರೆ ನಂಬೋರಾ?" ಜಾರಿದ್ದ ಒಂದು ಇಟ್ಟಿಗೆಯನ್ನು ರಾಶಿಗೆ ಸೇರಿಸಿದ. "ಅವತ್ತಿಂದ ಬ್ಯಾರೇರ್ ಗಾಡಿ ಮುಟ್ಟಾದ್ ಬಿಟ್ಟೆ. ಪಾನ ಗೀನ ಎಲ್ಲಾ ಬ್ಯಾಟರಾಯನಪುರದೋನ್ಗೆ ಕೊಟ್ಬಿಟ್ಟೆ."

ನಾನು ಕ್ಷಮೆ ಎಂದು ಏನೋ ತೊದಲಿದೆ. ಅವನು ತಡೆದ.

"ನಂಗ್ಯಾಕ್ ಯೋಳ್ತೀರಿ? ನಂಗೆ ಗೊತ್ತಿರಾದೇ. ಗೊತ್ತಿಲ್ದೋರ್ಗೆ ಯೋಳಿ."

ಹನ್ನೆರಡು ವರ್ಷದಿಂದ ಈ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ಆಡಿಕೊಂಡಿದ್ದೆ. ಪ್ರತಿ ಸಲವೂ ಎದುರಿಗೆ ಮುನಿರಾಜು ಇರುತ್ತಿದ್ದ. ಅಪ್ಪ ಒಮ್ಮೆಯೂ ಇರಲಿಲ್ಲ. ಇದು ಈಗ ಹೊಳೆಯುತ್ತಿದೆ.

ಇಂದು ಬೆಳಿಗ್ಗೆ ಅಪ್ಪ ಪತ್ರಿಕೆ ಓದುತ್ತಿದ್ದರು.

"ಅಪ್ಪಾ, ನಾಳೆ ಕೊಡಿಗೇಹಳ್ಳಿಗೆ ಹೋಗೂಣು. ಮುನಿರಾಜೂನ ಮನಿಗೆ."

"ಯಾಂವ? ಆ ಸುಳ್ಳು ಮನಷ್ಯಾನ ಮನಿಗಾ? ನಾ ಯಾಕ ಬರ್ಲಿ?"

"ಸುಳ್ಳ ಹೇಳಿದಾಂವ ಅಂವಲ್ಲ. ಸ್ಟಿಯರಿಂಗ್ ಬಿಚ್ಚಿದಾಂವ ನಾ."

ಅವರು ಪತ್ರಿಕೆ ಕೆಳಗಿಳಿಸಿದರು. "ಅಂವಗ ಗೊತ್ತಿತ್ತೇನು?"

"ಅವತ್ತ ಗೊತ್ತಿತ್ತು."

ಎದ್ದು ಒಳಗೆ ಹೋದರು. ಈಗ ಸಂಜೆ. ಬರುತ್ತಾರೋ ಇಲ್ಲವೋ, ಹೇಳಿಲ್ಲ; ಕೇಳುವ ಹಕ್ಕು ನನಗಿದೆಯೋ ಗೊತ್ತಿಲ್ಲ. ಅವರು ಬಾರದಿದ್ದರೆ ಒಬ್ಬನೇ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ. ಅಪ್ಪನಿಗೆ ಹೇಳಿದೆ ಎಂದಷ್ಟೇ ಹೇಳಿ ಬರುತ್ತೇನೆ.