ಮೊದಲ ಮೂವರಲ್ಲಿ ನಾನೊಬ್ಬಳು

ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತ ಕೊರಳಿನ ಸರ ಸರಿಪಡಿಸಲು ಕೈ ಹಾಕಿದೆ. ಬೆರಳಿಗೆ ಕತ್ತಿನಲ್ಲೊಂದು ಗಂಟು ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಆಸ್ಪತ್ರೆ ಯಾಕೆ ಎಂದು ಎರಡು ತಿಂಗಳು ಸುಮ್ಮನಿದ್ದೆ. ಕದ್ರಿಯ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವವಳ ಬುದ್ಧಿ ಅಷ್ಟೇ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು.

ಮದ್ರಾಸಿಗೆ ಹೋಗಿ ರೇಡಿಯೇಶನ್ ಮುಗಿಸಿ ಬಂದೆ. ಗಂಟು ಮತ್ತೆ ತಲೆಯೆತ್ತಿತು. ಆಗ ಈ ಆಸ್ಪತ್ರೆಯ ಡಾಕ್ಟರು ಒಂದು ಹೊಸ ಮದ್ದಿನ ವಿಷಯ ಹೇಳಿದರು. ಎಷ್ಟು ಕೊಟ್ಟರೆ ದೇಹ ತಡೆಯುತ್ತದೆಂದು ಅವರಿಗೂ ಗೊತ್ತಿಲ್ಲ. ಮೊದಲ ಮೂವರಿಗೆ ಕಡಿಮೆ ಡೋಸ್. ಯಾರಿಗೂ ತೊಂದರೆಯಾಗದಿದ್ದರೆ ಮುಂದಿನ ಮೂವರಿಗೆ ಹೆಚ್ಚು. ಒಬ್ಬರಿಗೆ ಜೋರು ತೊಂದರೆಯಾದರೆ ಇನ್ನೂ ಮೂವರಿಗೆ ಅದೇ ಡೋಸ್ ಕೊಟ್ಟು ನೋಡುವುದು. ನಾನು ಮೊದಲ ಮೂವರಲ್ಲಿ ಕೊನೆಯವಳು.

"ತೊಂದರೆ ಆದವರಿಗೆ ಮದ್ದು ನಿಲ್ಲಿಸ್ತೇವೆ. ಎಂತ ಆದ್ರೂ ಹೇಳ್ಬೇಕು ಟೀಚರೆ" ಎಂದರು.

ನಿಲ್ಲಿಸ್ತೇವೆ ಎಂಬುದೊಂದೇ ನನಗೆ ಕೇಳಿಸಿತು.

ಮದ್ದು ಶುರುವಾದ ಒಂಬತ್ತನೆಯ ದಿನ ಬಾಯಿ ತುಂಬ ಹುಣ್ಣು. ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಆದರೆ ಗಂಟು ಸ್ವಲ್ಪ ಮೆತ್ತಗಾಗಿತ್ತು! ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು ಅವು. ವಾರ್ಡಿನ ಗಂಜಿ ಹಾಗೇ ಉಳಿದದ್ದು ಕಂಡು ಡಾಕ್ಟರು ಕೇಳಿದಾಗ, "ಉಪವಾಸ ಡಾಕ್ಟ್ರೇ, ನಮ್ಮಲ್ಲಿ ಉಂಟಲ್ಲ" ಎಂದೆ. ಇನ್ನೊಬ್ಬರ ವ್ರತದ ವಿಷಯದಲ್ಲಿ ಬಾಯಿ ಹಾಕುವವರಲ್ಲ ಅವರು. ತೊಂದರೆ ಇಲ್ಲ ಎಂದು ಚಾರ್ಟಿನಲ್ಲಿ ಬರೆದರು. ಕಾಯಿಲೆಯವರಿಗೆ ಉಪವಾಸ ಬೇಡವೆಂದು ನಮ್ಮ ಪಾದ್ರಿಗಳು ಹೇಳಿದ್ದು ನನಗೆ ಗೊತ್ತಿತ್ತು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಾಯಿತು. ಭಯ ಅದಕ್ಕಿಂತ ದೊಡ್ಡದಿತ್ತು.

ಪಕ್ಕದ ಮಂಚಕ್ಕೆ ಐಸಮ್ಮ ಬಂದರು. ಕುದ್ರೋಳಿಯವರು, ಗಂಡನಿಗೆ ಒಣಮೀನಿನ ಅಂಗಡಿ. ಸೋಮವಾರ ಅವರಿಂದಲೇ ಹೆಚ್ಚಿನ ಡೋಸ್ ಶುರು.

"ಟೀಚರೆ, ನಿಮಗೆ ಎಂತ ಸಹ ಆಗ್ಲಿಲ್ಲ ಅಲ್ವಾ? ಡಾಕ್ಟ್ರು ಹೇಳಿದ್ರು. ನನಗೆ ಧೈರ್ಯ ಬಂತು."

ಆ ಧೈರ್ಯ ಕೊಟ್ಟದ್ದು ನನ್ನ ಸುಳ್ಳು.

ಹೇಳಿದರೆ ನನ್ನ ಮದ್ದು ನಿಲ್ಲುತ್ತದೆ, ಗಂಟು ಬೆಳೆಯುತ್ತದೆ. ಹೇಳದಿದ್ದರೆ ಇವರ ಗತಿ ಏನು? ಅತ್ತ ದರಿ, ಇತ್ತ ಪುಲಿ. ಎರಡು ದಿನ ಐಸಮ್ಮನ ಕಡೆ ಬೆನ್ನು ಹಾಕಿ ಮಲಗಿದೆ. ಭಾನುವಾರ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದಾಗ ಬಾಯಿ ತೆರೆದು ತೋರಿಸಿದೆ. ಟಾರ್ಚ್ ಹಿಡಿದು ನೋಡಿದರು.

"ಎಷ್ಟು ದಿನ ಆಯ್ತು?"

"ಆರು."

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ಮದ್ದು ನಿಂತಿತು. ಐಸಮ್ಮನಿಗೆ ಹೆಚ್ಚಿನದರ ಬದಲು ನನ್ನದೇ ಕಡಿಮೆ ಡೋಸ್ ಎಂದಾಯಿತು. ಉಪಕಾರವಾಯಿತು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮುಖ ತಿರುಗಿಸಿದರು.

"ಜಾಸ್ತಿ ಕೊಟ್ಟಿದ್ರೆ ನಾನು ಉಳೀತಿದ್ದೆನೋ ಏನೋ, ಟೀಚರೆ."

ಉಳಿಯುತ್ತಿದ್ದರೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ಅಲ್ಲವೇ ನಾವು ಮೂವರು ಮೂವರಾಗಿ ಇಲ್ಲಿ ಮಲಗಿರುವುದು.

ಈಗ ನನ್ನ ಹುಣ್ಣು ಮಾಗಿದೆ. ಗಂಟು ಬೆಳೆದಿಲ್ಲ, ಹೋಗಿಯೂ ಇಲ್ಲ. ಇಷ್ಟು ಸಿಕ್ಕಿದ್ದಕ್ಕೆ ದೇವರಿಗೆ ಮೆಲ್ಲಗೆ ವಂದನೆ ಹೇಳುತ್ತೇನೆ, ಗಟ್ಟಿಯಾಗಿ ಹೇಳಲು ಹೆದರಿಕೆ. ಇಷ್ಟು ದಿನ ಮಾತು ಬಿಟ್ಟಿದ್ದ ಐಸಮ್ಮ ನಿನ್ನೆ ತಾವಾಗಿ ಕರೆದರು. ಕೆಳತುಟಿ ಮಡಚಿ ತೋರಿಸಿ, "ನೋಡಿ ಹೇಳಿ, ಹುಣ್ಣು ಉಂಟಾ?" ಎಂದರು.

ಬಿಳಿ ಚುಕ್ಕೆಯೊಂದು ಕಾಣುತ್ತಿತ್ತು.

"ಉಂಟು" ಎಂದೆ.

ಐಸಮ್ಮ ತಮ್ಮ ಮಂಚದಲ್ಲಿ ನನಗೆ ಜಾಗ ಮಾಡಿ, "ಡಾಕ್ಟ್ರು ಬರುವವರೆಗೆ ಇಲ್ಲೇ ಕೂತ್ಕೊಳ್ಳಿ" ಎಂದರು.

ಕೂತೆ.